ಹುಲ್ಲಿನಡಿಯ ಕಣ

ಬಿಟ್ಟ ಕಡೆಯಲ್ಲೆಲ್ಲ ಹುಲ್ಲು ಏಳುವ ಊರಿನಲ್ಲಿ ಅಂಗಡಿಯಿಂದ ಹುಲ್ಲು ತರಿಸಿ ಹಾಸುತ್ತಾರೆ ಎಂಬ ಮಾತು ಕಿವಿಗೆ ಬಿದ್ದಾಗ ಕಣದಕ್ಕನಿಗೆ ಮೊದಲು ನಗು ಬಂತು. ಅದು ಪ್ಲಾಸ್ಟಿಕ್ಕಿನ ಹುಲ್ಲು ಎಂದು ತಿಳಿದ ಮೇಲೆ ಸಿಟ್ಟು ಬಂತು. ನಗು ಬಂದ ದಾರಿಯಲ್ಲೇ ಹೋಯಿತು; ಸಿಟ್ಟು ಮಾತ್ರ ಕಾಲು ಚಾಚಿ ಕೂತುಬಿಟ್ಟಿತು.

ಆ ಊರಿನ ಗಾಳಿಯೇ ಹಾಗೆ. ಬೆಳಿಗ್ಗೆ ಒರೆಸಿದ ಕನ್ನಡಿ ಮಧ್ಯಾಹ್ನದ ಹೊತ್ತಿಗೆ ತಾನೇ ಬೆವರುತ್ತಿತ್ತು. ಹರವಿದ ಬಟ್ಟೆ ಒಣಗುವ ಮೊದಲೇ ಮುಗ್ಗಲು ಹಿಡಿಯುತ್ತಿತ್ತು. ಕಪಾಟಿನಲ್ಲಿಟ್ಟ ಚರ್ಮದ ಚಪ್ಪಲಿಗೆ ಬೂಷ್ಟು ಬರುತ್ತಿತ್ತು, ಉಪ್ಪಿನ ಡಬ್ಬಿಯಲ್ಲಿ ನೀರು ನಿಲ್ಲುತ್ತಿತ್ತು. ಹಿತ್ತಲಿಗೆ ನಾಲ್ಕು ದಿನ ಬೆನ್ನು ಹಾಕಿದರೆ ಕಳೆ ಮೊಣಕಾಲು ಮುಟ್ಟುತ್ತಿತ್ತು. ಅಂಥ ನೆಲದ ಮೇಲೆ ಹುಲ್ಲಿನ ಹೆಸರಿನಲ್ಲಿ ಚಾಪೆ ಹಾಸುವುದೆಂದರೆ ಹೊಳೆಯ ದಂಡೆಯಲ್ಲಿ ಕೂತು ನೀರು ಕೊಂಡು ಕುಡಿದ ಹಾಗೆ ಎಂದು ಅವಳು ಸೊಸೆಯ ಮುಂದೆ ಹೇಳಿದಳು.

"ನಿಮ್ಮ ಮಗನಿಗೇ ಹೇಳಿ ಅತ್ತೆ," ಎಂದಳು ಸೊಸೆ. "ನಾನು ಹೇಳಿ ಹೇಳಿ ನಾಲಿಗೆ ಸವೆದುಹೋಗಿದೆ."

ಮಗ ಹಲ್ಲಿನ ಡಾಕ್ಟರ. ಊರಾಚೆಯ ಕ್ಲಬ್ಬಿನಲ್ಲಿ ಗಾಲ್ಫ್ ಆಡುವ ಹುಚ್ಚು ಅವನಿಗೆ ಈಚೆಗೆ ಹತ್ತಿತ್ತು. ದೂರದ ಹೊಡೆತದಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಆದರೆ ಚೆಂಡು ಗುಳಿಯ ಹತ್ತಿರ ಬಂದು, ಇನ್ನೇನು ಮೆಲ್ಲಗೆ ತಟ್ಟಿ ಒಳಗೆ ಬೀಳಿಸಬೇಕು ಎನ್ನುವಾಗ ಕೈ ನಡುಗುತ್ತಿತ್ತು. ದಿನವಿಡೀ ಬೇರೆಯವರ ಬಾಯೊಳಗೆ ಸೂಜಿ ಹಿಡಿದು ಅಲುಗದ ಕೈ ಅದು. ಜೊತೆಯ ಡಾಕ್ಟರುಗಳು ಇದನ್ನೇ ಹಿಡಿದುಕೊಂಡು ನಗುತ್ತಿದ್ದರು. "ಇವನ ಹತ್ರ ಹಲ್ಲು ಕೀಳಿಸ್ಕೊಂಡವರು ಪುಣ್ಯವಂತರು, ಬಾಯಿಯ ಗುಳಿ ದೊಡ್ಡದಿರುತ್ತೆ, ಗುರಿ ತಪ್ಪಲ್ಲ," ಎಂದು ಒಬ್ಬರು ಹೇಳಿದ್ದು ಅವನ ಎದೆಗೆ ನಾಟಿತ್ತು. ಅದಕ್ಕೇ ಮನೆಯ ಹಿಂದೆ ಸದಾ ಹಸಿರಾಗಿರುವ, ಸದಾ ಸಮನಾಗಿರುವ ನೆಲ ಬೇಕು. ಸಂಜೆ ಕ್ಲಿನಿಕ್ಕಿನಿಂದ ಬಂದವನೇ ಅಲ್ಲಿ ನಿಂತು ಕೈ ಪಳಗಿಸಿಕೊಳ್ಳಬೇಕು. ನಿಜದ ಹುಲ್ಲು ಈ ಹವೆಯಲ್ಲಿ ಕೊಳೆಯುತ್ತದೆ, ಇಲ್ಲವೇ ಕಾಡಾಗುತ್ತದೆ. ಆದ್ದರಿಂದ ಪ್ಲಾಸ್ಟಿಕ್.

ಕಣದಕ್ಕನಿಗೆ ಆ ಹೆಸರು ಬಂದದ್ದು ಹಳ್ಳಿಯಲ್ಲಿ. ಸುಗ್ಗಿಗೆ ಮೊದಲು ಕಾಳು ಬಡಿಯುವ ಕಣ ಮಾಡಬೇಕಾದರೆ ಯಾರ ಮನೆಯವರಾದರೂ ಮೊದಲು ಅವಳ ಬಾಗಿಲಿಗೆ ಬರುತ್ತಿದ್ದರು. ಮಣ್ಣು ಕೆದಕಿ, ನೀರು ಚಿಮುಕಿಸಿ, ಹದಕ್ಕೆ ಬಂದಾಗ ಹಲಗೆಯಿಂದ ಬಡಿದು ಬಡಿದು ಕೂರಿಸುವ ಕೆಲಸ. ಬಡಿಯುವವರು ಬೇಕಾದಷ್ಟು ಜನ ಇದ್ದರು. ಹದ ಗೊತ್ತಿದ್ದವರು ಕಡಿಮೆ. ಅವಳು ಮಾಡಿದ ಕಣದಲ್ಲಿ ಒಂದು ಕಾಳೂ ಬಿರುಕಿಗೆ ಬೀಳುತ್ತಿರಲಿಲ್ಲ, ಒಂದು ತೊಟ್ಟು ನೀರೂ ಕೆಳಗಿಳಿಯುತ್ತಿರಲಿಲ್ಲ. ಮಳೆ ಬಂದು ನಿಂತ ಮೇಲೆ ಬಟ್ಟೆಯಿಂದ ಒರೆಸಿ ಮತ್ತೆ ಕಾಳು ಹರವಬಹುದಿತ್ತು. ಆಮೇಲೆ ಕಾಳು ಬಿಡಿಸುವ ಯಂತ್ರ ಬಂತು. ಕಣ ಬೇಡವಾಯಿತು, ಹೆಸರು ಉಳಿಯಿತು. ಗಂಡ ತೀರಿಕೊಂಡ ಮೇಲೆ ಮಗನ ಮನೆಗೆ ಬಂದಾಗ ಗಂಟಿನಲ್ಲಿ ತಂದ ಆ ಹಲಗೆಯನ್ನು ಸೊಸೆ ಒಗೆಯುವ ಕಲ್ಲಿನ ಪಕ್ಕ ಸೋಪು ಇಡಲು ಹಾಕಿದ್ದಳು.

ಹುಲ್ಲು ಹಾಸುವ ಕಂಪನಿಯಿಂದ ಮೇಸ್ತ್ರಿ ಬಂದ. ತಲೆಗೆ ಟವೆಲು ಸುತ್ತಿದ, ಕುಳ್ಳಗಿನ, ಮಾತಿಗಿಂತ ಮುಂಚೆ ಬೆವರು ಒರೆಸಿಕೊಳ್ಳುವ ಮನುಷ್ಯ. ಅವನ ಆಳುಗಳು ಹಿತ್ತಲಿನ ನಡುವೆ ಒಂದು ದೊಡ್ಡ ಕೋಣೆಯಷ್ಟು ಜಾಗ ಗುರುತು ಹಾಕಿ ಅಗೆದರು. ಅಗೆದ ಮಣ್ಣನ್ನು ಗೋಡೆಯ ಪಕ್ಕ ಗುಡ್ಡೆ ಹಾಕಿದರು. ಗುಂಡಿಗೆ ಕಪ್ಪು ಬಟ್ಟೆ ಹಾಸಿದರು, ಅದರ ಮೇಲೆ ಜಲ್ಲಿ ಸುರಿದರು, ಅದರ ಮೇಲೆ ಸಣ್ಣ ಜಲ್ಲಿ, ಎಲ್ಲಕ್ಕೂ ಮೇಲೆ ಕಲ್ಲಿನ ಪುಡಿ. ಚೆಂಡು ಬೀಳುವ ಗುಳಿಗಳಿಗೆಂದು ಅಲ್ಲಲ್ಲಿ ಬಟ್ಟಲು ಹೂತರು.

ಕಣದಕ್ಕ ಹಿಂಬಾಗಿಲ ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದಳು. ಗುಡ್ಡೆಯ ಮಣ್ಣನ್ನು ಬೆರಳಲ್ಲಿ ತಿಕ್ಕಿ ನೋಡಿದ್ದಳು. ಬೆಣ್ಣೆಯಂಥ ಜೇಡಿ. ಅದನ್ನು ಆಚೆ ಎಸೆದು ಕಲ್ಲು ತುಂಬುವವರನ್ನು ಕಂಡು ಅವಳಿಗೆ ಸುಮ್ಮನಿರಲಾಗಲಿಲ್ಲ.

"ಏನಪ್ಪಾ ಮೇಸ್ತ್ರಿ, ಒಳ್ಳೇ ಮಣ್ಣು ತೆಗೆದು ಕಲ್ಲು ತುಂಬ್ತಿದೀಯಲ್ಲ. ಇಲ್ಲೇನು ರಸ್ತೆ ಮಾಡ್ತೀಯಾ?"

"ಹಾಗೇ ಅಂದ್ಕೊಳ್ಳಿ ಅಜ್ಜಿ. ಚೆಂಡು ಓಡಾಡೋ ರಸ್ತೆ."

"ಚೆಂಡಿಗೆ ಎಂಥ ನೆಲ ಬೇಕು?"

"ಗಟ್ಟಿ ಇರಬೇಕು, ಸಮ ಇರಬೇಕು. ತಗ್ಗು ದಿನ್ನೆ ಇರಬಾರದು."

"ಇದನ್ನ ಗಟ್ಟಿ ಅಂತೀಯಾ? ಕೋಳಿ ಕೆದರಿದ್ರೆ ಎದ್ದು ಬರುತ್ತೆ."

"ಈ ಮನೇಲಿ ಕೋಳಿ ಇಲ್ವಲ್ಲ, ಬಿಡಿ," ಎಂದು ಮೇಸ್ತ್ರಿ ಬೆವರು ಒರೆಸಿಕೊಂಡ. "ಒಳಗೆ ಹೋಗಿ ಅಜ್ಜಿ, ಧೂಳು ಬರುತ್ತೆ."

ಹೀಗೆ ಹೇಳದವರೇ ಇರಲಿಲ್ಲ. ಆಳುಗಳು ಹೇಳಿದರು, ಸೊಸೆ ಹೇಳಿದಳು, ಕ್ಲಿನಿಕ್ಕಿಗೆ ಹೊರಟ ಮಗ ಕಾರಿನ ಕಿಟಕಿ ಇಳಿಸಿ ಹೇಳಿದ. ಆ ಮನೆಗೆ ಬಂದಂದಿನಿಂದ ಅವಳಿಗೆ ಕೆಲಸ ಎಂದು ಯಾರೂ ಏನನ್ನೂ ಕೊಟ್ಟಿರಲಿಲ್ಲ. ಒಳ್ಳೆಯ ಮನಸ್ಸಿನಿಂದಲೇ ಕೊಟ್ಟಿರಲಿಲ್ಲ. ಬಕೆಟು ಹಿಡಿದರೆ ಕೈಯಿಂದ ಕಸಿದುಕೊಳ್ಳುತ್ತಿದ್ದರು. ಕಸಬರಿಗೆ ಮುಟ್ಟಿದರೆ ಕೆಲಸದವಳು ಓಡಿ ಬರುತ್ತಿದ್ದಳು. "ಇಷ್ಟು ವರ್ಷ ದುಡಿದಿದೀಯಲ್ಲ, ಇನ್ನು ಆರಾಮಾಗಿರು," ಎನ್ನುತ್ತಿದ್ದ ಮಗ. ಆರಾಮು ಎಂಬುದು ಬೂಷ್ಟಿನ ಹಾಗೆ ಅವಳ ಕೀಲುಕೀಲಿಗೂ ಹತ್ತಿತ್ತು.

ಕಲ್ಲಿನ ಪುಡಿಯನ್ನು ಕುಟ್ಟಿ ಕೂರಿಸುವ ಯಂತ್ರವೊಂದನ್ನು ತಂದಿದ್ದರು. ಅದು ಒಂದಷ್ಟು ಹೊತ್ತು ನೆಲ ನಡುಗಿಸಿ, ಕೆಮ್ಮಿ, ಕಪ್ಪು ಹೊಗೆ ಕಾರಿ ನಿಂತುಹೋಯಿತು. ಮೇಸ್ತ್ರಿ ಅದರ ಹೊಟ್ಟೆ ಬಿಚ್ಚಿ ನೋಡಿದ, ಬೈದ, ಆಫೀಸಿಗೆ ಫೋನು ಮಾಡಿದ. ಅಲ್ಲಿಂದ ರೋಲರ್ ಕಳಿಸುತ್ತೇವೆ, ಅವರೇ ಬಂದು ಉರುಳಿಸಿ ಹೋಗುತ್ತಾರೆ, ನೀನು ರಜೆ ಮುಗಿದ ಮೇಲೆ ಬಂದು ಹುಲ್ಲು ಹಾಸು ಎಂದರು. ಮುಂದೆ ಸಾಲುರಜೆ ಇತ್ತು. ಆಳುಗಳು ಸಾಮಾನು ಮೂಲೆಗೆ ಸರಿಸಿ ಹೊರಟರು. ಮಗ ಸೊಸೆ ಕೂಡ ಡಾಕ್ಟರುಗಳ ಯಾವುದೋ ಸಭೆಗೆಂದು ಬೇರೆ ಊರಿಗೆ ಹೊರಟರು.

"ಅಡುಗೆ ಎಲ್ಲ ಫ್ರಿಜ್ಜಲ್ಲಿದೆ ಅತ್ತೆ, ಬಿಸಿ ಮಾಡ್ಕೊಂಡ್ರಾಯ್ತು. ಹಿತ್ತಲ ಕಡೆ ಹೋಗ್ಬೇಡಿ. ಜಲ್ಲಿ ಇದೆ, ಜಾರ್ತೀರಿ."

"ನಾನೇನು ಮಗುವಾ?" ಎಂದಳು ಕಣದಕ್ಕ.

"ಮಗುವಾಗಿದ್ರೆ ಕಟ್ಟಿ ಹಾಕಿ ಹೋಗಬಹುದಿತ್ತು," ಎಂದು ಸೊಸೆ ನಗುತ್ತ ಕಾರು ಹತ್ತಿದಳು.

ಕಾರಿನ ಸದ್ದು ಬೀದಿಯ ತಿರುವು ದಾಟಿದ ಕೂಡಲೇ ಕಣದಕ್ಕ ಹಿತ್ತಲಿಗೆ ಹೋದಳು. ಬರಿಗಾಲಲ್ಲಿ ಕಲ್ಲಿನ ಪುಡಿಯ ಮೇಲೆ ನಿಂತಳು. ಹಿಮ್ಮಡಿ ಇಳಿಯಿತು. ಎರಡು ಹೆಜ್ಜೆ ಹಾಕಿ ತಿರುಗಿ ನೋಡಿದಳು. ಹಿಟ್ಟಿನ ಮೇಲೆ ಬೆಕ್ಕು ನಡೆದ ಹಾಗೆ ಗುರುತು. ಮಧ್ಯಾಹ್ನದವರೆಗೆ ರೋಲರಿನ ದಾರಿ ಕಾದಳು. ಬರಲಿಲ್ಲ. ಮಾರನೆಯ ದಿನವೂ ಬರಲಿಲ್ಲ. ಅವಳ ನೆತ್ತಿ ಕಾಯಿತು. ಮಗನ ತಲೆ ಮೇಲೆ ಮೆಣಸು ಅರೆಯುತ್ತಿದ್ದಾರೆ, ಕೇಳುವವರಿಲ್ಲ. ಈ ಹೊಲಸು ನೆಲದ ಮೇಲೆ ಹಸಿರು ಚಾಪೆ ಮುಚ್ಚಿ ಕೈ ತೊಳೆದುಕೊಂಡು ಹೋಗುತ್ತಾರೆ. ಚೆಂಡು ತಗ್ಗಿಗೆ ಬೀಳುತ್ತದೆ, ಮಗ ತನ್ನ ಕೈಯೇ ಸರಿಯಿಲ್ಲ ಎಂದುಕೊಳ್ಳುತ್ತಾನೆ.

ಒಗೆಯುವ ಕಲ್ಲಿನ ಬಳಿಯಿಂದ ಹಲಗೆ ತಂದಳು. ಅದಕ್ಕೆ ಅಂಟಿದ್ದ ಸೋಪನ್ನು ಕೆರೆದಳು.

ಗುಡ್ಡೆಯ ಜೇಡಿಯನ್ನು ಹಳೆಯ ಜರಡಿಯಲ್ಲಿ ಸೋಸಿ ಪುಡಿಯ ಮೇಲೆ ಹರವಿದಳು. ಕೈಗುದ್ದಲಿಯಿಂದ ಎರಡನ್ನೂ ಕಲೆಸಿದಳು. ಚೊಂಬಿನಲ್ಲಿ ನೀರು ತಂದು ಬೆರಳ ಸಂದಿಯಿಂದ ಚಿಮುಕಿಸಿದಳು. ನೀರು ಸುರಿಯುವವರು ಕಣ ಕೆಡಿಸುತ್ತಾರೆ, ಚಿಮುಕಿಸುವವರು ಕಣ ಕಟ್ಟುತ್ತಾರೆ. ಒಂದು ಹಿಡಿ ಎತ್ತಿ ಅಮುಕಿದರೆ ಉಂಡೆಯಾಗಬೇಕು, ಅಂಗೈಗೆ ಅಂಟಬಾರದು. ಆ ಹದ ಬಂದಾಗ ಒಂದು ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂತು ಬಡಿಯತೊಡಗಿದಳು. ಒಂದು ಏಟಿನ ಅರ್ಧ ಮತ್ತೊಂದು ಏಟಿನ ಮೇಲೆ ಬೀಳಬೇಕು. ಬಡಿಯುತ್ತ ಹಿಂದೆ ಹಿಂದೆ ಸರಿಯಬೇಕು. ಮೊದಲು ಭುಜ ಕೂಗಿತು, ಆಮೇಲೆ ಸೊಂಟ ಕೂಗಿತು, ಅವಳು ಯಾರ ಮಾತಿಗೂ ಕಿವಿಗೊಡಲಿಲ್ಲ. ದಣಿದಾಗ ಅಲ್ಲೇ ಒರಗಿದಳು. ಫ್ರಿಜ್ಜಿನಲ್ಲಿದ್ದುದನ್ನು ಬಿಸಿ ಮಾಡದೆ ನಿಂತೇ ತಿಂದಳು. ಬಟ್ಟಲುಗಳ ಸುತ್ತ ಹಲಗೆಯ ಮೂಲೆಯಿಂದ ಮೆಲ್ಲಗೆ, ಮಗುವಿನ ಬೆನ್ನು ತಟ್ಟಿದ ಹಾಗೆ ತಟ್ಟಿದಳು.

ರಜೆ ಮುಗಿಯುವ ಹೊತ್ತಿಗೆ ನೆಲ ಮುಗಿದಿತ್ತು. ಬಿಸಿಲಿಗೆ ಒಣಗಿದ ಮೇಲೆ ಉಳಿದ ಕಲ್ಲಿನ ಪುಡಿಯನ್ನು ತೆಳ್ಳಗೆ ಉದುರಿಸಿ ಗುಡಿಸಿದಳು. ನಿಂಬೆಹಣ್ಣು ತಂದು ಉರುಳಿಸಿದಳು. ಅದು ಈ ತುದಿಯಿಂದ ಆ ತುದಿಗೆ ದಾರಿ ಕೇಳದೆ ಹೋಯಿತು.

ಹಲಗೆಯನ್ನು ಮತ್ತೆ ಸೋಪಿನಡಿ ಇಟ್ಟಳು, ಯಾರಿಗೂ ಹೇಳಲಿಲ್ಲ. ಹೇಳಿದರೆ ಸೊಸೆ ಹಲಗೆ ಅಡಗಿಸಿಡುತ್ತಾಳೆ. ಹೇಳಿಕೊಂಡು ತಿರುಗುವ ಕೆಲಸವೂ ಅದಲ್ಲ, ಕೇಳಿದರೆ ಹೇಳಬೇಕು. ಮೇಸ್ತ್ರಿ ಬಂದು ಹಿಮ್ಮಡಿಯಿಂದ ನೆಲ ಒದ್ದು ನೋಡಿದ. ಕಣದಕ್ಕ ಮೆಟ್ಟಿಲ ಮೇಲೆ ಉಸಿರು ಹಿಡಿದು ಕೂತಿದ್ದಳು.

"ರೋಲರ್ ಬಂದು ಹೋಗಿದೆ," ಎಂದು ಅವನು ಆಳುಗಳಿಗೆ ಹೇಳಿದ. "ಚೆನ್ನಾಗಿ ಕೂರಿಸಿದಾರೆ ಕಣ್ರೋ. ಹಾಸ್ರಿ ಹುಲ್ಲು."

ಅವಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು.

ಹುಲ್ಲು ಹಾಸಿದರು, ಎಳೆಗಳ ನಡುವೆ ಮರಳು ಉದುರಿಸಿ ಬಾಚಿದರು. ಮಗ ಸಂಜೆ ಕೋಲು ಹಿಡಿದು ನಿಂತ. ಚೆಂಡು ಹೇಳಿದ ಮಾತು ಕೇಳಿತು. ಒಂದೊಂದೇ ಗುಳಿ ತುಂಬುತ್ತ ಬಂತು. ಕ್ಲಬ್ಬಿನ ಡಾಕ್ಟರುಗಳು ಬಂದು ನೋಡಿ, ಇಂಥ ನೆಲ ನಮ್ಮ ಕ್ಲಬ್ಬಿನಲ್ಲೂ ಇಲ್ಲವಲ್ಲ ಎಂದರು.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ," ಎಂದು ಸೊಸೆ ಗಂಡನನ್ನು ಕೆಣಕಿದಳು. "ಇನ್ನು ನೆಲದ ಮೇಲೆ ತಪ್ಪು ಹಾಕೋಕಾಗಲ್ಲ."

ಆ ವಾರವೆಲ್ಲ ಕಣದಕ್ಕನ ಸೊಂಟ ನೋಯುತ್ತಿತ್ತು. ಆ ನೋವು ಅವಳಿಗೆ ಹೊಸ ಬಟ್ಟೆ ಉಟ್ಟ ಹಾಗಿತ್ತು.

ಮಳೆ ಬಂತು. ಆ ಊರಿನ ಮಳೆ ಒಮ್ಮೆ ಕೂತರೆ ಏಳುವ ಜಾತಿಯದಲ್ಲ. ಮೊದಲ ವಾರ ಹುಲ್ಲಿನ ಮೇಲೆ ಕಾಲಿಟ್ಟರೆ ಪಚಪಚ ಎನ್ನುತ್ತಿತ್ತು. ಎರಡನೆಯ ವಾರ ನಡುವೆ ಹುಲ್ಲು ಉಬ್ಬಿ ಹೊಟ್ಟೆ ಬಿಟ್ಟಿತು. ಒಂದು ಕಡೆ ತುಳಿದರೆ ಇನ್ನೊಂದು ಕಡೆ ಏಳುತ್ತಿತ್ತು. ಮರಳೆಲ್ಲ ತೇಲಿ ಒಂದು ಬದಿಗೆ ಗುಡ್ಡೆಯಾಯಿತು. ಗುಳಿಗಳಲ್ಲಿ ಸೊಳ್ಳೆಮರಿ ಆಡತೊಡಗಿದವು. ಬಿಸಿಲು ಬಿದ್ದ ದಿನ ಅದರಡಿಯಿಂದ ಏಳುತ್ತಿದ್ದ ವಾಸನೆಗೆ ಅಡುಗೆಮನೆಯ ಕಿಟಕಿ ತೆರೆಯುವಂತಿರಲಿಲ್ಲ.

ಮಗ ಕಂಪನಿಗೆ ಫೋನು ಮಾಡಿ ಬಾಯಿಗೆ ಬಂದ ಹಾಗೆ ಬೈದ. ಮಾರನೆಯ ಬೆಳಿಗ್ಗೆ ಕಂಪನಿಯ ಮ್ಯಾನೇಜರು ಬಂದ. ಇಸ್ತ್ರಿ ಮಾಡಿದ ಅಂಗಿ, ಮಂಜು ಹಿಡಿದ ಕನ್ನಡಕ. ಹಿಂದೆ ಮೇಸ್ತ್ರಿ. ಮಗ, ಸೊಸೆ ಬಾಗಿಲಲ್ಲಿ ನಿಂತರು. ಕಣದಕ್ಕ ಮೆಟ್ಟಿಲ ಮೇಲಿದ್ದಳು. ಮೇಸ್ತ್ರಿ ಹುಲ್ಲಿನ ಒಂದು ಮೂಲೆ ಸೀಳಿ ಎತ್ತಿದ. ಕೊಳೆತ ನೀರು ಹೊರಗೆ ಹರಿಯಿತು. ಅದರ ಕೆಳಗೆ ತುಸು ಗೀಚಿದರೆ ಕಂದು ಬಣ್ಣದ ನೆಲ ಕಂಡಿತು. ಮ್ಯಾನೇಜರು ಬಗ್ಗಿ ಕಾರಿನ ಕೀಲಿಯಿಂದ ಕೆರೆದ. ಕೀಲಿ ಜಾರಿತು. ಮತ್ತೆ ಒತ್ತಿ ಕೆರೆದು ಬೆರಳಿಗೆ ಹತ್ತಿದ್ದನ್ನು ಮೇಸ್ತ್ರಿಯ ಮುಖಕ್ಕೆ ಹಿಡಿದ.

"ಇದೇನು?"

ಮೇಸ್ತ್ರಿ ನೋಡಿದ. "ಜೇಡಿಮಣ್ಣು ಸರ್."

"ಜಲ್ಲಿ ಹಾಕೋದು ಯಾಕೆ ಅಂತ ಗೊತ್ತಿಲ್ವಾ ನಿನಗೆ? ಮಳೆನೀರು ಕೆಳಗಿಳಿದು ಹೋಗಲಿ ಅಂತ ತಾನೆ? ಅದರ ಮೇಲೆ ಜೇಡಿ ಮೆತ್ತಿದೀಯಲ್ಲ. ಕಲ್ಲಿನ ಪುಡಿ ಎಲ್ಲಿ ಮಾರ್ಕೊಂಡೆ?"

"ನಾನು ಮೆತ್ತಿಲ್ಲ ಸರ್. ರಜೆಗೆ ಮುಂಚೆ ಪುಡಿ ಹಾಕಿ ಹೋಗಿದ್ದೆ. ರೋಲರ್ ಬಂದಿತ್ತಲ್ಲ, ಅವರು—"

"ರೋಲರ್ ಕೆಟ್ಟು ನಿಂತಿತ್ತು. ಕಳಿಸೇ ಇಲ್ಲ."

ಮೇಸ್ತ್ರಿ ಟವೆಲಿಗೆ ಕೈ ಹಾಕಿದವನು ಬೆವರು ಒರೆಸಿಕೊಳ್ಳುವುದನ್ನು ಮರೆತ.

"ನೋಡಿ ಸರ್," ಎಂದು ಮ್ಯಾನೇಜರು ಮಗನ ಕಡೆ ತಿರುಗಿದ. "ಕಳ್ಳತನ ಮಾಡಿ ನಮ್ಮ ಕಣ್ಣಿಗೇ ಮಣ್ಣೆರಚಿದಾನೆ. ಇವತ್ತಿಂದಲೇ ಇವನು ಕೆಲಸದಲ್ಲಿಲ್ಲ. ಈ ಊರಲ್ಲಿ ಯಾವ ಕಂಪನಿನೂ ಇವನನ್ನ ಹತ್ರ ಸೇರಿಸದ ಹಾಗೆ ನಾನು ನೋಡ್ಕೋತೀನಿ."

ಮಗ ತಲೆಯಾಡಿಸಿದ. ಸೊಸೆ, "ಪಾಪ, ನೋಡಿದ್ರೆ ಹಾಗನ್ಸಲ್ಲ," ಎಂದು ಮೆಲ್ಲಗೆ ಅಂದಳು.

ಕಣದಕ್ಕನಿಗೆ ಮೊದಲು ತಿಳಿದದ್ದು ನೀರಿನ ಮಾತು. ನೀರು ಕೆಳಗೆ ಹೋಗಬೇಕಿತ್ತು. ತೊಟ್ಟೂ ಇಂಗದ ಹಾಗೆ ಕಟ್ಟುವುದೇ ಒಳ್ಳೆಯ ನೆಲ ಎಂದು ಬದುಕಿನುದ್ದಕ್ಕೂ ನಂಬಿದವಳು ಅವಳು. ಗಟ್ಟಿ ಇರಬೇಕು, ಸಮ ಇರಬೇಕು ಎಂದಿದ್ದನೇ ಹೊರತು ಸೋರಬೇಕು ಎಂದು ಆ ಮೇಸ್ತ್ರಿ ಹೇಳಲಿಲ್ಲ. ಅವಳೂ ಕೇಳಲಿಲ್ಲ. ಕಿವಿ ಬಿಸಿಯಾಯಿತು. ಆಮೇಲೆ ತಿಳಿದದ್ದು ಕಳ್ಳ ಎಂಬ ಮಾತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುತ್ತಿದ್ದಾರೆ. ಎತ್ತು ಇಲ್ಲಿ ಮೆಟ್ಟಿಲ ಮೇಲೆ ಕೂತಿದೆ.

ಅವಳು ಎದ್ದು ನಿಂತಳು. "ಅವನ ಮೇಲೆ ಯಾಕಪ್ಪಾ ಹಾರ್ತೀಯ? ಅದು ನಾನು ಮಾಡಿದ್ದು."

ಮಗ, "ಅಮ್ಮಾ, ನೀನು ಒಳಗಿರು," ಎಂದ.

"ಒಳಗಿರು ಅಂದ್ರೆ? ಆ ನೆಲ ಬಡಿದಿದ್ದು ನಾನು. ನೀವು ಊರಿಗೆ ಹೋಗಿದ್ರಲ್ಲ, ಆಗ."

ಮ್ಯಾನೇಜರು ಕನ್ನಡಕ ತೆಗೆದು ಒರೆಸುತ್ತ ನಕ್ಕ. "ಅಜ್ಜಿ ಮನಸ್ಸು ದೊಡ್ಡದು ಸರ್. ಇವನ ಮುಖ ನೋಡಿ ಕರಗಿದಾರೆ."

"ಅತ್ತೆ," ಎಂದು ಸೊಸೆ ಬಂದು ತೋಳು ಹಿಡಿದಳು, "ಒಂದು ಬಕೆಟ್ ನೀರು ಎತ್ತೋಕಾಗಲ್ಲ ನಿಮಗೆ."

"ಎತ್ತೋಕೆ ಬಿಟ್ಟಿದ್ರೆ ತಾನೆ ಗೊತ್ತಾಗೋದು?"

"ಹೋದ ವಾರ ಕನ್ನಡಕ ಮೂಗಿನ ಮೇಲೇ ಇಟ್ಕೊಂಡು ಮನೆಯೆಲ್ಲ ಹುಡುಕಿದ್ಲು," ಎಂದು ಮಗ ಮ್ಯಾನೇಜರಿಗೆ ತಗ್ಗಿದ ದನಿಯಲ್ಲಿ ಹೇಳಿದ. ತಗ್ಗಿದ ದನಿ ಅವಳ ಕಿವಿಗೆ ನೆಟ್ಟಗೆ ಬಂತು.

ಇಷ್ಟನ್ನು ಅವಳು ನುಂಗಿಕೊಳ್ಳುತ್ತಿದ್ದಳೇನೋ. ಆದರೆ ಮೇಸ್ತ್ರಿಯೇ ಅವಳ ಕಡೆ ತಿರುಗಿ, "ಬಿಡಿ ಅಜ್ಜಿ, ನನಗೋಸ್ಕರ ಸುಳ್ಳು ಯಾಕೆ ಹೇಳ್ತೀರಿ. ಈ ಕೆಲಸ ಗಟ್ಟಿ ಆಳು ಇಬ್ಬರು ಸೇರಿದ್ರೂ ಕಷ್ಟ," ಎಂದ.

ಕಣದಕ್ಕ ಸೊಸೆಯ ಕೈ ಕೊಡವಿದಳು. ಕೆಲಸ ಕಳೆದುಕೊಂಡು ನಿಂತವನಿಗೂ ಅವಳ ಮೇಲೆ ಕನಿಕರ. ತಪ್ಪು ಮಾಡುವ ಶಕ್ತಿಯೂ ಇಲ್ಲದವಳು ಎಂದು ಊರೆಲ್ಲ ತೀರ್ಮಾನ ಮಾಡಿಬಿಟ್ಟಿದೆ.

ಅವಳು ಒಗೆಯುವ ಕಲ್ಲಿನ ಕಡೆ ಹೋದಳು. ಹಲಗೆಯ ಮೇಲಿದ್ದ ಸೋಪನ್ನು ನೀರಿಗೆ ಎಸೆದಳು. ಗೋಡೆಯ ಪಕ್ಕ ಇನ್ನೂ ಉಳಿದಿದ್ದ ಗುಡ್ಡೆಯಿಂದ ಮಣ್ಣು ತಂದು, ಮ್ಯಾನೇಜರಿನ ಬೂಟಿನ ಮುಂದೆ ಹಾಕಿದಳು. ಮಳೆಯಲ್ಲಿ ನೆನೆದ ಮಣ್ಣು ಅದು, ಹದಕ್ಕಿಂತ ಹಸಿ. ಸೀಳಿದ ಮೂಲೆಯಿಂದ ಕಲ್ಲಿನ ಪುಡಿ ಕೆರೆದು ಬೆರೆಸಿ ಸರಿ ಮಾಡಿದಳು.

"ಅಮ್ಮಾ, ಏನು ಮಾಡ್ತಿದೀಯ? ಏಳು," ಎಂದ ಮಗ.

"ಸುಮ್ನಿರು. ನಿನ್ನ ಕ್ಲಿನಿಕ್ಕಿಗೆ ಬಂದು ನಾನು ಏಳು ಅಂತೀನಾ?"

ಕುಕ್ಕರಗಾಲಲ್ಲಿ ಕೂತು ಬಡಿದಳು. ಮೊದಲ ಏಟಿಗೆ ಮ್ಯಾನೇಜರು ಹಿಂದೆ ಸರಿದ. ಏಟಿನ ಮೇಲೆ ಅರ್ಧ ಏಟು, ಅದರ ಮೇಲೆ ಇನ್ನರ್ಧ. ಕೆಸರು ಮೆಲ್ಲಮೆಲ್ಲಗೆ ಮಿರುಗಿ ನೆಲವಾಯಿತು. ಸೊಸೆಯ ಬಾಯಿ ತೆರೆದೇ ಇತ್ತು. ಒಂದು ಮಣೆಯಷ್ಟು ಜಾಗ ಮುಗಿದಾಗ ಕಣದಕ್ಕ ಏದುಸಿರು ಬಿಡುತ್ತ ಮೇಸ್ತ್ರಿಗೆ ಹೇಳಿದಳು: "ಈಗ ಆ ಹುಲ್ಲೆತ್ತಿದ ಕಡೆ ಹೋಗಿ ನೀರು ಹಾಕಿ ತೊಳಿ. ತೊಳೆದು ಎರಡನ್ನೂ ನೋಡು."

ಮೇಸ್ತ್ರಿ ಹುಲ್ಲನ್ನು ಇನ್ನಷ್ಟು ಸೀಳಿ ಮಡಚಿದ. ಪೈಪು ತಂದು ಮೇಲಿನ ಪುಡಿಯನ್ನೂ ಮರಳನ್ನೂ ತೊಳೆದ. ಕೆಳಗೆ ಸಾಲುಸಾಲಾಗಿ ಹಲಗೆಯ ಗುರುತುಗಳು ಎದ್ದವು. ಒಂದರ ಮೇಲೊಂದು ಅರ್ಧ ಮಲಗಿದ ಗುರುತು. ಪ್ರತಿಯೊಂದರ ಎಡ ಅಂಚು ಕೂದಲಿನಷ್ಟು ಆಳ. ಅವಳ ಮುಂದಿನ ಹಸಿ ನೆಲದಲ್ಲೂ ಹಾಗೆಯೇ.

ಮಗ ಬಂದು ಬಗ್ಗಿ ನೋಡಿದ. ಚಿಕ್ಕಂದಿನಲ್ಲಿ ಅವನನ್ನು ಎಮ್ಮೆಯ ಬೆನ್ನಿನಿಂದ ಇಳಿಸಲು ಹೋಗಿ ಬಿದ್ದು ಅವಳ ಬಲ ಮಣಿಕಟ್ಟು ಮುರಿದಿತ್ತು, ಸೊಟ್ಟಗೆ ಕೂಡಿತ್ತು. ಆಮೇಲೆ ಅವಳು ಬಡಿದ ಕಣಗಳಲ್ಲೆಲ್ಲ ಎಡ ಅಂಚು ಆಳಕ್ಕೆ ಇಳಿಯುತ್ತಿತ್ತು. ಅಂಥ ಕಣಗಳ ಮೇಲೆ ಹೊಟ್ಟೆ ಅಡಿಯಾಗಿ ಮಲಗಿ ಅವನು ಪಾಠ ಬರೆದಿದ್ದ. ಅವನು ಒಂದು ಗುರುತಿನ ಎಡ ಅಂಚಿಗೆ ಬೆರಳಿಟ್ಟ.

"ನಮ್ಮಮ್ಮನೇ ಮಾಡಿರೋದು," ಎಂದ ಕೊನೆಗೆ. ಮತ್ತೆ ಮ್ಯಾನೇಜರಿಗೆ, "ಹೋಗ್ಲಿ ಬಿಡಿ ಸರ್. ವಯಸ್ಸಾಗಿದೆ, ತಿಳೀದೆ ಮಾಡಿದಾಳೆ. ಖರ್ಚು ನಾನು ನೋಡ್ಕೋತೀನಿ."

"ಅಯ್ಯೋ, ಪರವಾಗಿಲ್ಲ ಸರ್," ಎಂದ ಮ್ಯಾನೇಜರು. "ನಮ್ಮನೇಲೂ ದೊಡ್ಡವರಿದಾರೆ. ಹೀಗೇ ಏನಾದ್ರೂ ಮಾಡ್ತಿರ್ತಾರೆ, ಪಾಪ."

ಹಲಗೆ ಊರಿಕೊಂಡು ಕಣದಕ್ಕ ಎದ್ದಳು. ಅವಳ ಮುಖ ಕೆಂಪಾಗಿತ್ತು.

"ತಿಳೀದೆ ಅಲ್ಲ. ತಿಳಿದೇ ಮಾಡಿದ್ದು. ಮಣ್ಣು ಸೋಸಿ, ಹದ ನೋಡಿ, ಬಡಿದು ಮಾಡಿದ್ದು. ನೀರು ಇಳೀಬೇಕು ಅನ್ನೋದನ್ನ ಕೇಳಲಿಲ್ಲ, ಅದು ತಪ್ಪು. ತಪ್ಪು ಅಂತ ಹೇಳಿ, ಕೇಳ್ತೀನಿ. ವಯಸ್ಸು ಅಂತ ಹೇಳ್ಬೇಡಿ."

"ಅಮ್ಮಾ, ಈಗ ಯಾರು ಏನಂದ್ರು—"

"ನೀನು ಸುಮ್ನಿರು. ಇವರಿಗೆ ಕೇಳ್ತೀನಿ. ಅದೇ ಮಣ್ಣು, ಅದೇ ನೆಲ. ಅವನು ಮಾಡಿದಾನೆ ಅಂದಾಗ ಕಳ್ಳ, ಊರು ಬಿಡಿಸಬೇಕು. ನಾನು ಮಾಡಿದೀನಿ ಅಂದಾಗ ಪಾಪದ ಮುದುಕಿ, ಪರವಾಗಿಲ್ಲ. ಇದ್ಯಾವ ನ್ಯಾಯ? ನಿಮ್ಮ ಕುಟ್ಟೋ ಯಂತ್ರ ಕೆಟ್ಟಿತು, ರೋಲರ್ ಕೆಟ್ಟಿತು, ಕಳಿಸ್ತೀವಿ ಅಂದವರು ಕಳಿಸಲಿಲ್ಲ ಅಂತ ಒಂದು ಫೋನೂ ಮಾಡಲಿಲ್ಲ. ಅದಕ್ಕೆ ಏನಂತಾರೆ ನಿಮ್ಮನೇ ದೊಡ್ಡವರು?"

ಮ್ಯಾನೇಜರು ಮತ್ತೆ ಕನ್ನಡಕ ಒರೆಸಿದ.

"ಅವನನ್ನ ಕಳ್ಳ ಅಂದಿದ್ದು ಇಷ್ಟು ಜನರ ಮುಂದೆ. ವಾಪಸ್ ತಗೊಳ್ಳೋದೂ ಇಷ್ಟೇ ಜನರ ಮುಂದೆ ಆಗಬೇಕು."

"ಆಯ್ತು ಅಜ್ಜಿ. ಸಿಟ್ಟಲ್ಲಿ ಬಾಯಿಗೆ ಬಂತು, ಅಷ್ಟೇ."

"ನನಗಲ್ಲ. ಅವನಿಗೆ."

ಮ್ಯಾನೇಜರು ಮೇಸ್ತ್ರಿಯ ಕಡೆ ನೋಡದೆ, ಗೋಡೆಯ ಕಡೆ ನೋಡಿ, "ನಾಳೆ ಇಲ್ಲೇ ಕೆಲಸಕ್ಕೆ ಬಾ. ನಾನು ಅಂದಿದ್ದು ತಪ್ಪಾಯ್ತು," ಎಂದ. ಮಗನ ಜೊತೆ ಮಾತಾಡುವ ನೆಪದಲ್ಲಿ ಮುಂಬಾಗಿಲ ಕಡೆ ನಡೆದ.

ಹಿತ್ತಲಿನಲ್ಲಿ ಇಬ್ಬರೇ ಉಳಿದರು. ಮೇಸ್ತ್ರಿ ಕೈಮುಗಿಯುತ್ತಾನೆ, ಒಳ್ಳೆಯ ಮಾತು ಹೇಳುತ್ತಾನೆ ಎಂದು ಕಣದಕ್ಕ ಅಂದುಕೊಂಡಿದ್ದಳು. ಅವನು ಟವೆಲು ಬಿಚ್ಚಿ ಜಾಡಿಸಿದ.

"ಏನು ಕೆಲಸ ಅಂತ ಮಾಡಿದ್ರಿ ನೀವು?"

ಅವಳು ಬೆಚ್ಚಿದಳು.

"ನನ್ನ ಹೊಟ್ಟೆ ಮೇಲೆ ಹೊಡೆದ್ರಲ್ಲ. ಇನ್ನೊಬ್ಬರ ಕೆಲಸಕ್ಕೆ ಕೈ ಹಾಕೋ ಮುಂಚೆ ಒಂದು ಮಾತು ಕೇಳಬಾರದಾ? ಮಕ್ಕಳ ಮುಂದೆ ಹೋಗಿ ಏನು ಹೇಳಬೇಕಿತ್ತು ನಾನು? ವಯಸ್ಸಾಗಿದೆ, ಬುದ್ಧಿ ಬೇಡ್ವಾ?"

ಇಷ್ಟು ವರ್ಷಗಳಲ್ಲಿ ಆ ಮನೆಯಲ್ಲಿ ಯಾರೂ ಅವಳಿಗೆ ಹೀಗೆ ಬೈದಿರಲಿಲ್ಲ. ಅವಳಿಗೆ ಸಿಟ್ಟು ಬಂತು. ಬೆಳಗಿನಿಂದ ಬಂದ ಸಿಟ್ಟುಗಳಂತಲ್ಲ ಇದು. ಎದುರಿಗೆ ನಿಲ್ಲುವ ಸಮಜೋಡಿ ಸಿಕ್ಕಾಗ ಬರುವಂಥದ್ದು.

"ಹೌದು, ನನ್ನದು ತಪ್ಪು. ನಿನ್ನದೇನು? ಹುಲ್ಲು ಹಾಸೋ ಮುಂಚೆ ನೆಲ ನೋಡಬೇಕಾದವನು ನೀನು. ಕಾಲಲ್ಲಿ ಒದ್ದು ನೋಡಿದೆ. ಬಗ್ಗಿ ಕೈಯಲ್ಲಿ ಮುಟ್ಟಿದ್ರೆ ಮಣ್ಣು ಅಂತ ಗೊತ್ತಾಗ್ತಿರಲಿಲ್ವಾ?"

"ಚೆನ್ನಾಗಿ ಕೂತಿತ್ತು," ಎಂದ ಮೇಸ್ತ್ರಿ ಗುರ್ರೆನ್ನುತ್ತ. "ಅಷ್ಟು ಚೆನ್ನಾಗಿದ್ದದ್ದನ್ನ ಯಾರು ಅನುಮಾನ ಪಡ್ತಾರೆ?"

"ಹಾಗಾದ್ರೆ ಬೈಬೇಡ."

"ಬೈತೀನಿ. ಇದನ್ನ ಈಗ ಜಲ್ಲಿವರೆಗೂ ಒಡೀಬೇಕು. ಹಾರೆ ಹಾಕಿದ್ರೆ ಪುಟಿದು ಬರುತ್ತೆ. ನನ್ನ ಆಳುಗಳು ನಿಮಗೆ ಶಾಪ ಹಾಕ್ತಾರೆ. ನಾಳೆ ಬೆಳಿಗ್ಗೆ ನೀವೂ ಬಂದು ಕೂತ್ಕೋಬೇಕು, ಬಡಿದಿದ್ದನ್ನ ನೀವೇ ಒಡೀಬೇಕು."

"ಕೂತ್ಕೊಳ್ಳೋಕೆ ನಾನ್ಯಾಕೆ ಬರಲಿ. ಒಡೆಯೋಕೆ ಬರ್ತೀನಿ."

"ತಡವಾಗಿ ಬಂದ್ರೆ ಆಗಲ್ಲ, ಹೇಳಿರ್ತೀನಿ," ಎಂದು ಮೇಸ್ತ್ರಿ ಹೊರಟ.

ಬೆಳಿಗ್ಗೆ ಅವನು ಆಳುಗಳನ್ನು ಕರೆದುಕೊಂಡು ಬಂದಾಗ ಮಗ ಹಿಂಬಾಗಿಲಲ್ಲಿ ಏನೋ ಹೇಳಲು ಹೋಗಿ ಬಾಯಿ ಮುಚ್ಚಿಕೊಂಡು ನಿಂತಿದ್ದ. ಸೊಸೆ ಅತ್ತೆಯ ಪಕ್ಕ ನೀರಿನ ಚೊಂಬು ಇಟ್ಟು ಹೋಗಿದ್ದಳು. ಕಣದಕ್ಕ ಒಂದು ಅಂಚನ್ನು ಆಗಲೇ ಕೈಗುದ್ದಲಿಯಿಂದ ಎಬ್ಬಿಸಿದ್ದಳು. ಹೆಂಟೆಗಳು ಪಕ್ಕದಲ್ಲಿ ಬಿದ್ದಿದ್ದವು.

"ಇದೇನಾ ನಿನ್ನ ಬೆಳಿಗ್ಗೆ?" ಎಂದಳು ತಲೆ ಎತ್ತದೆ.

ಮೇಸ್ತ್ರಿ ಒಂದು ಹೆಂಟೆ ಎತ್ತಿ ತಿರುಗಿಸಿ ನೋಡಿ ಎಸೆದ. "ಜಲ್ಲಿನೂ ಸೇರಿಸಿ ಎಬ್ಬಿಸಿದೀರ. ಕೆಳಗಿನ ಜಲ್ಲಿ ನನಗೆ ಬೇಕು. ಕೈ ಹಗುರ ಮಾಡಿ."

"ಹಗುರ ಮಾಡಿದ್ರೆ ಏಳಲ್ಲ."

"ಏಳುತ್ತೆ. ಓರೆಯಾಗಿ ಹಾಕಿ."

ಅವಳು ಓರೆಯಾಗಿ ಹಾಕಿದಳು. ಜಲ್ಲಿ ಅಲ್ಲೇ ಉಳಿದು ಮಣ್ಣು ಮಾತ್ರ ಎದ್ದು ಬಂತು. ಅವನು ಹೇಳಿದ್ದೇ ಸರಿಯಾದದ್ದು ಅವಳಿಗೆ ಸ್ವಲ್ಪವೂ ಹಿಡಿಸಲಿಲ್ಲ. ಹಾಗೇ ಮುಂದಕ್ಕೆ ಒಡೆಯುತ್ತ ಹೋದಳು.